ಮದ್ದು: ನೈಟ್ರಿಕ್ ಆಕ್ಸೈಡ್ ಮತ್ತು ಒತ್ತಡಕ್ಕೆ ದೇಹವು ಕೊಡುವ ಉತ್ತರ — ಒಂದು ಚಾರಿತ್ರಿಕ ಅವಲೋಕನ

ಕನ್ನಡದ 'ಮದ್ದು' ಎಂಬ ಶಬ್ದವು ಅರ್ಥಬಾಹುಳ್ಯದಿಂದ ಕೂಡಿದುದು. ವೈದ್ಯನು ಕೊಡುವುದೂ ಮದ್ದು. ಕೋವಿಗೆ ತುಂಬುವುದೂ ಮದ್ದು. ಹಗೆಯಾದವನು ಅನ್ನದಲ್ಲಿ ಕಲಸಿ ಇಕ್ಕಿಯಾನೆಂದು ಜನರು ಅಂಜುವ ವಿಷವೂ ಮದ್ದೇ. ತುಳುವಿನ 'ಮರ್ದ್' ಶಬ್ದವೂ ಔಷಧಕ್ಕೂ ಸಿಡಿಮದ್ದಿಗೂ ಸಲ್ಲುತ್ತದೆ. ಈ ಮೂರು ಅರ್ಥಗಳೂ ಒಂದೇ ವಸ್ತುವಿಗೆ ಹೊಂದುವ ಸಂದರ್ಭವು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಚರಿತ್ರೆಯು ಅಂಥದೊಂದು. ಒಂದು ನೈಟ್ರೊಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು—ಇಷ್ಟೇ ಅದರ ರಚನೆ. ಈ ಅಲ್ಪವಸ್ತುವು ಭಯ, ಕೋಪ, ಆಯಾಸ, ಆಘಾತಗಳಿಗೆ ನಮ್ಮ ದೇಹವು ಕೊಡುವ ಉತ್ತರದಲ್ಲಿ ವಹಿಸುವ ಪಾತ್ರವನ್ನು ಮನುಷ್ಯರು ಹೇಗೆ, ಎಷ್ಟು ತಡವಾಗಿ, ಯಾವ ಹಾದಿಯಿಂದ ತಿಳಿದರೆಂಬುದನ್ನು ಮಂಗಳೂರಿನ ನೆಲೆಯಲ್ಲಿ ನಿಂತು ವಿಚಾರಿಸುವುದು ಈ ಲೇಖನದ ಉದ್ದೇಶ.

೧. ಎರಡು ಮದ್ದಿನ ಮನೆಗಳು

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲಿ, ಕರಿಕಲ್ಲಿನ ಒಂದು ಕಾವಲುಬುರುಜು ಇಂದಿಗೂ ನಿಂತಿದೆ. ಜನರು ಅದನ್ನು ಸುಲ್ತಾನ್ ಬತ್ತೇರಿ ಎನ್ನುತ್ತಾರೆ. ದೀರ್ಘ ಮುತ್ತಿಗೆಯ ನಂತರ ಮಂಗಳೂರಿನ ಕೋಟೆಯು ೧೭೮೪ರ ಜನವರಿಯಲ್ಲಿ ಟಿಪ್ಪು ಸುಲ್ತಾನನ ವಶವಾಯಿತು. ಅದೇ ವರ್ಷ ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿದ್ದಿತು. ಹೊಳೆಯ ಮುಖದಿಂದ ಯುದ್ಧನೌಕೆಗಳು ಒಳನುಗ್ಗದಂತೆ ಟಿಪ್ಪುವು ಈ ಬುರುಜನ್ನು ಕಟ್ಟಿಸಿದನು. ಇದರ ಅಡಿಯಲ್ಲಿರುವ ನೆಲಮಾಳಿಗೆಯು ಮದ್ದಿನ ಸಂಗ್ರಹಕ್ಕೆ ಮೀಸಲಾಗಿತ್ತೆಂದು ಹೇಳುತ್ತಾರೆ. ಆ ಕಾಲದ ಕೋವಿಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು. ಉಳಿದುದು ಇದ್ದಲು ಹಾಗೂ ಗಂಧಕ. ಪೆಟ್ಲುಪ್ಪೆಂದರೆ ನೈಟ್ರೊಜನ್ನಿನ ಒಂದು ಲವಣ.

ಇನ್ನೊಂದು ಮದ್ದಿನ ಮನೆಯು ಊರಿನ ಮತ್ತೊಂದು ದಿಕ್ಕಿನಲ್ಲಿ, ಕಂಕನಾಡಿಯಲ್ಲಿ ತಲೆಯೆತ್ತಿತು. ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ದೇಶದ ಜೆಸುಯಿತ ಪಾದ್ರಿಯವರು ೧೮೮೦ರಲ್ಲಿ ಅಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದರು. ಆಲದ ಮರವೊಂದರ ನೆರಳಿನಲ್ಲಿ ಈ ಕಾರ್ಯವು ಆರಂಭವಾಯಿತೆಂದು ಪ್ರತೀತಿ. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲವು ಅದೇ. ಕೊಲ್ಲುವ ಮದ್ದಿನ ಮನೆಗೂ ಕಾಯುವ ಮದ್ದಿನ ಮನೆಗೂ ನಡುವೆ ನೂರು ವರ್ಷಗಳ ಅಂತರವಿದೆ. ಮೇಲ್ನೋಟಕ್ಕೆ ಬೇರೆ ಸಂಬಂಧವಿಲ್ಲ. ಆದರೆ ಮುಲ್ಲರರು ಕೈಗೊಂಡ ವೈದ್ಯಪದ್ಧತಿಯ ಔಷಧಗ್ರಂಥಗಳಲ್ಲಿ 'ಗ್ಲೋನೋಯಿನ್' ಎಂಬುದೊಂದು ಹೆಸರಿದೆ. ಅದು ನೈಟ್ರೊಗ್ಲಿಸರಿನ್ನಿಗೆ ಕೊಟ್ಟ ವೈದ್ಯನಾಮ. ಸಿಡಿಮದ್ದು ಔಷಧಮದ್ದಾದ ಕಥೆಯ ಎಳೆಯು ಇಲ್ಲಿ ಸಿಕ್ಕುತ್ತದೆ.

೨. ಕಾರಣವರಿಯದ ಔಷಧ

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ೧೭೬೮ರಲ್ಲಿ ವಿಶಿಷ್ಟವಾದ ಒಂದು ಎದೆನೋವನ್ನು ವರ್ಣಿಸಿ ಅದಕ್ಕೆ 'ಆಂಜೈನಾ' ಎಂಬ ಹೆಸರನ್ನಿತ್ತನು. ನಡೆಯುವಾಗ, ಅದರಲ್ಲಿಯೂ ಊಟದ ಮೇಲೆ ಏರುದಾರಿಯನ್ನು ಹತ್ತುವಾಗ, ಎದೆಯನ್ನು ಬಿಗಿಹಿಡಿದಂತಾಗುವುದು. ನಿಂತೊಡನೆ ಬಿಗಿತವು ಮಾಯವಾಗುವುದು. ಕದ್ರಿಯ ಗುಡ್ಡವನ್ನೋ ಬಾವುಟಗುಡ್ಡೆಯನ್ನೋ ಏರುವ ಮಂಗಳೂರಿನ ವೃದ್ಧರಿಗೆ ಈ ವರ್ಣನೆಯನ್ನು ವಿವರಿಸಿ ಹೇಳಬೇಕಾದುದಿಲ್ಲ. ದೇಹಶ್ರಮವೊಂದೇ ಅಲ್ಲ, ಮನಸ್ಸಿನ ಕ್ಷೋಭೆಯೂ ಇದಕ್ಕೆ ಕಾರಣವೆಂಬುದು ಬೇಗನೆ ತಿಳಿದುಬಂದಿತು. ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನಿಗೆ ಈ ವ್ಯಾಧಿಯಿತ್ತು. ತನ್ನನ್ನು ಕೆಣಕಿ ಸಿಟ್ಟುಬರಿಸುವ ಯಾವ ತುಂಟನ ಕೈಯಲ್ಲಾದರೂ ತನ್ನ ಪ್ರಾಣವಿದೆಯೆಂದು ಆತನು ಹೇಳುತ್ತಿದ್ದನಂತೆ. ೧೭೯೩ರ ಅಕ್ಟೋಬರದಲ್ಲಿ ತನ್ನ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದ ನಡೆದು, ಅಲ್ಲಿಯೇ ಆತನ ಮರಣವಾಯಿತು. ಮನಸ್ಸಿನ ಒತ್ತಡವು ರಕ್ತನಾಳಗಳ ಮೇಲೆ ಮಾಡುವ ಪರಿಣಾಮಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನವು ಬೇಕಿಲ್ಲ.

ಟ್ಯೂರಿನ್ ನಗರದ ಅಸ್ಕಾನಿಯೊ ಸೊಬ್ರೆರೊ ೧೮೪೭ರಲ್ಲಿ ನೈಟ್ರೊಗ್ಲಿಸರಿನ್ನನ್ನು ತಯಾರಿಸಿದನು. ಅದರ ಅತ್ಯಲ್ಪ ಅಂಶವು ನಾಲಗೆಗೆ ಸೋಕಿದರೂ ತಲೆ ಸಿಡಿಯುವಂಥ ನೋವುಂಟಾಗುವುದನ್ನು ಆತನು ಗಮನಿಸಿದ್ದನು. ಜರ್ಮನಿಯಿಂದ ಹೋಗಿ ಫಿಲಡೆಲ್ಫಿಯದಲ್ಲಿ ನೆಲೆಸಿದ್ದ ಹೋಮಿಯೋಪತಿ ವೈದ್ಯ ಕಾನ್‌ಸ್ಟಂಟೈನ್ ಹೇರಿಂಗನು ೧೮೪೯ರ ವೇಳೆಗೆ ಅದನ್ನು ಜನರ ಮೇಲೆ ಪರೀಕ್ಷಿಸಿ, ನಾಡಿಯು ಬದಲಾಗುವುದನ್ನೂ ತಲೆನೋವಿನ ಲಕ್ಷಣಗಳನ್ನೂ ಬರೆದಿಟ್ಟು, 'ಗ್ಲೋನೋಯಿನ್' ಎಂದು ಕರೆದನು. ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಹೇರಿಂಗನ ವೀಕ್ಷಣೆಯು ವಸ್ತುವಿನ ನಿಜವಾದ ಪರಿಣಾಮವನ್ನು ಕುರಿತದ್ದು. ಅದಕ್ಕೆ ಚರಿತ್ರೆಯಲ್ಲಿ ಬೆಲೆಯಿದೆ. ಅದೇ ಹೆಸರಿನಿಂದ ಅತಿಯಾಗಿ ತೆಳುಗೊಳಿಸಿ ಕೊಡುವ ಮದ್ದಿನ ಗುಣವು ಬೇರೆಯೇ ಪ್ರಶ್ನೆ. ಒಂದರ ಸತ್ಯವು ಇನ್ನೊಂದಕ್ಕೆ ಸಾಕ್ಷಿಯಾಗಲಾರದು.

ಎಡಿನ್‌ಬರೊದ ತರುಣ ವೈದ್ಯ ಲಾಡರ್ ಬ್ರಂಟನ್ ಇನ್ನೊಂದು ದಿಕ್ಕಿನಿಂದ ಬಂದನು. ಎದೆನೋವಿನ ವೇಳೆ ನಾಡಿಯ ಬಿಗಿತವು ಹೆಚ್ಚುವುದನ್ನು ಕಂಡು, ಆ ಬಿಗಿತವನ್ನು ಸಡಿಲಿಸಿದರೆ ನೋವು ನೀಗೀತೆಂದು ತರ್ಕಿಸಿ, ೧೮೬೭ರಲ್ಲಿ ಅಮೈಲ್ ನೈಟ್ರೈಟನ್ನು ರೋಗಿಗಳಿಗೆ ಮೂಸಲಿತ್ತನು. ನೋವು ಕ್ಷಣಾರ್ಧದಲ್ಲಿ ಶಮನವಾಯಿತು. ೧೮೭೯ರಲ್ಲಿ ವಿಲಿಯಂ ಮರೆಲ್ ಎಂಬಾತನು ನೈಟ್ರೊಗ್ಲಿಸರಿನ್ನಿಂದಲೂ ಅದೇ ಫಲವುಂಟೆಂದು ಲಂಡನ್ನಿನಲ್ಲಿ ಪ್ರಕಟಿಸಿದನು. ಮರುವರ್ಷವೇ ಕಂಕನಾಡಿಯಲ್ಲಿ ಮುಲ್ಲರರ ಔಷಧಾಲಯವು ಆರಂಭವಾದುದು ಕಾಕತಾಳೀಯವಾದರೂ, ಕಾಲದ ಅಳತೆಗಾಗಿ ನೆನಪಿಡಲು ಯೋಗ್ಯವಾಗಿದೆ. ಈ ನಡುವೆ ಆಲ್‌ಫ್ರೆಡ್ ನೊಬೆಲನು ಇದೇ ದ್ರವವನ್ನು ಪಳಗಿಸಿ ೧೮೬೭ರಲ್ಲಿ ಡೈನಮೈಟನ್ನು ಸೃಷ್ಟಿಸಿದ್ದನು. ಆತನ ಕಾರ್ಖಾನೆಯ ಸರಕೇ ಅವನ ಕೊನೆಯ ವರ್ಷವಾದ ೧೮೯೬ರಲ್ಲಿ ಹೃದ್ರೋಗಕ್ಕೆ ಔಷಧವಾಗಿ ವಿಧಿಸಲ್ಪಟ್ಟಿತು. ಈ ವಿಧಿವಿಡಂಬನೆಯನ್ನು ಆತನೇ ಪತ್ರವೊಂದರಲ್ಲಿ ನೆನೆದಿದ್ದಾನೆ.

ನೈಟ್ರೊಗ್ಲಿಸರಿನ್ ಎದೆಯ ಬಿಗಿತವನ್ನು ಸಡಿಲಿಸುತ್ತದೆಂಬುದು ಹೀಗೆ ತಿಳಿಯಿತು. ಏಕೆ ಸಡಿಲಿಸುತ್ತದೆಂಬುದು ಮುಂದಿನ ನೂರು ವರ್ಷ ಯಾರಿಗೂ ತಿಳಿಯಲಿಲ್ಲ.

೩. ಒತ್ತಡಶಾಸ್ತ್ರದ ಅರ್ಧಕಥೆ

ಇದೇ ಕಾಲದಲ್ಲಿ, ಈ ಔಷಧದ ಪ್ರಶ್ನೆಯ ಪರಿವೆಯಿಲ್ಲದೆ, ದೇಹವು ಆಪತ್ತನ್ನು ಎದುರಿಸುವ ಬಗೆಯನ್ನು ಕುರಿತು ಬೇರೊಂದು ಶಾಸ್ತ್ರವು ಬೆಳೆಯಿತು. ೧೯೦೧ರಲ್ಲಿ ಜೋಕಿಚಿ ತಕಮಿನೆಯು ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಅಡ್ರಿನಲಿನ್ ಎಂಬ ಸ್ರಾವವನ್ನು ಬೇರ್ಪಡಿಸಿದನು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಬೊಗಳುವ ನಾಯಿಯ ಎದುರು ಬೆಕ್ಕನ್ನಿರಿಸಿ, ಭಯಗೊಂಡ ಬೆಕ್ಕಿನ ರಕ್ತದಲ್ಲಿ ಈ ಸ್ರಾವವು ಹೆಚ್ಚುವುದನ್ನು ತೋರಿಸಿದನು. ಹೋರಾಡು, ಇಲ್ಲವೇ ಓಡು—ಈ ಎರಡಕ್ಕೂ ದೇಹವು ಒಂದೇ ವಿಧದ ಸಿದ್ಧತೆಯನ್ನು ಮಾಡಿಕೊಳ್ಳುತ್ತದೆಂಬುದು ೧೯೧೫ರ ಅವನ ಗ್ರಂಥದ ಸಾರ. ೧೯೩೬ರಲ್ಲಿ ಮಾಂಟ್ರಿಯಲ್ಲಿನ ಹಾನ್ಸ್ ಸೆಲ್ಯೆ 'ನೇಚರ್' ಪತ್ರಿಕೆಗೆ ಬರೆದ ಒಂದು ಚಿಕ್ಕ ಪತ್ರದಲ್ಲಿ, ಚಳಿ, ಗಾಯ, ಅತಿಶ್ರಮ, ವಿಷ ಇವುಗಳಲ್ಲಿ ಯಾವುದಕ್ಕೆ ಗುರಿಮಾಡಿದರೂ ಇಲಿಗಳಲ್ಲಿ ಒಂದೇ ತೆರನ ಬದಲಾವಣೆಗಳು ಕಾಣುವುವೆಂದು ತಿಳಿಸಿದನು: ಅಡ್ರಿನಲ್ ಗ್ರಂಥಿಯು ಊದುವುದು, ಥೈಮಸ್ ಗ್ರಂಥಿಯು ಕುಗ್ಗುವುದು, ಜಠರದಲ್ಲಿ ಹುಣ್ಣಾಗುವುದು. ಭೌತಶಾಸ್ತ್ರದಲ್ಲಿ ಬಳಕೆಯಲ್ಲಿದ್ದ 'ಒತ್ತಡ' ಎಂಬ ಪರಿಭಾಷೆಯನ್ನು ದೇಹಕ್ಕೆ ರೂಢಿಸಿದ ಕೀರ್ತಿಯೂ ಸೆಲ್ಯೆಗೇ ಸಲ್ಲುತ್ತದೆ.

ಕ್ಯಾನನ್ನನಿಗೆ ದೇಹದ ಸಮತೋಲವು ಪ್ರಿಯವಾದ ವಿಷಯವಾಗಿದ್ದಿತು. ಆ ಕುರಿತು ಅವನು ೧೯೩೨ರಲ್ಲಿ ಗ್ರಂಥವನ್ನೇ ಬರೆದನು. ಆದರೂ ಅಂದಿನ ಒತ್ತಡಶಾಸ್ತ್ರವು ಮುಖ್ಯವಾಗಿ ಉದ್ರೇಕದ ಶಾಸ್ತ್ರವಾಗಿತ್ತೆಂದು ನಾವು ಅಭಿಪ್ರಾಯಪಡುತ್ತೇವೆ. ಕುದುರೆಗೆ ಚಾವಟಿ ಬೀಸುವವರಾರೆಂಬುದು ಗೊತ್ತಾಯಿತು. ಕಡಿವಾಣ ಹಿಡಿದವರಾರೆಂಬುದು ಅರ್ಧಮರ್ಧ ಮಾತ್ರ ತಿಳಿದಿತ್ತು. ರಕ್ತನಾಳವೆಂದರೆ ನರಗಳು ಹೇಳಿದಂತೆ ಬಿಗಿಯುವ, ಸಡಿಲುವ ಒಂದು ಕೊಳವೆ. ಅದರ ಒಳಪದರವು ಬರಿಯ ಗಿಲಾವು—ಇದು ಅಂದಿನ ಸಾಮಾನ್ಯ ಭಾವನೆ.

ಮಂಗಳೂರಿನಲ್ಲಿ ಆಧುನಿಕ ವೈದ್ಯಶಿಕ್ಷಣವು ಬೇರೂರಿದ್ದು ಈ ಕಾಲಘಟ್ಟದಲ್ಲಿಯೇ. ೧೯೫೩ರಲ್ಲಿ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಯವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮಂಗಳೂರು ಶಾಖೆಯು ೧೯೫೫ರಲ್ಲಿ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದಾದ ವೆನ್ಲಾಕ್ ಆಸ್ಪತ್ರೆಯೇ ವಿದ್ಯಾರ್ಥಿಗಳಿಗೆ ರೋಗಿಗಳ ಬಳಿಯಲ್ಲಿ ಕಲಿಯುವ ಶಾಲೆಯಾಯಿತು. ಲೋಕದ ಇತರ ವೈದ್ಯಶಾಲೆಗಳಲ್ಲಿದ್ದಂತೆ ಆ ವರ್ಷಗಳ ವಿದ್ಯಾರ್ಥಿಯ ಪುಸ್ತಕದಲ್ಲಿಯೂ ಎರಡು ಅಧ್ಯಾಯಗಳಿದ್ದವು. ಒಂದರಲ್ಲಿ ಅಡ್ರಿನಲಿನ್ ಮತ್ತು ಆಪತ್ತು. ಇನ್ನೊಂದರಲ್ಲಿ ನೈಟ್ರೈಟುಗಳು ಮತ್ತು ಎದೆನೋವು. ಇವೆರಡೂ ಒಂದೇ ಕಥೆಯ ಭಾಗಗಳೆಂದು ಹೇಳಬಲ್ಲ ಗುರುವು ಅಂದು ಎಲ್ಲಿಯೂ ಇರಲಿಲ್ಲ.

೪. ಒಳಪದರದ ಮಾತು

ಎರಡು ಅಧ್ಯಾಯಗಳನ್ನು ಕೂಡಿಸಿದ ಶೋಧವು ಒಂದು ತಪ್ಪಿನಿಂದ ಮೊದಲಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯಿಂದ ತೆಗೆದ ಪಟ್ಟಿಗಳ ಮೇಲೆ ಬಹುಕಾಲದಿಂದ ಪ್ರಯೋಗ ನಡೆಸುತ್ತಿದ್ದನು. ಅಸಿಟೈಲ್‌ಕೋಲಿನ್ ಎಂಬ ವಸ್ತುವು ಜೀವಂತ ಪ್ರಾಣಿಯಲ್ಲಿ ನಾಳಗಳನ್ನು ಹಿಗ್ಗಿಸುತ್ತದೆ. ಆತನ ಪಟ್ಟಿಗಳನ್ನಾದರೋ ಕುಗ್ಗಿಸುತ್ತಿತ್ತು. ೧೯೭೮ರಲ್ಲಿ ಸಹಾಯಕನೊಬ್ಬನು ನಿಗದಿಯಾದ ಕ್ರಮವನ್ನು ತಪ್ಪಿ ನಡೆಸಿದ ಪ್ರಯೋಗದಲ್ಲಿ ಪಟ್ಟಿಯು ಅನಿರೀಕ್ಷಿತವಾಗಿ ಸಡಿಲಿತು. ಫರ್ಚ್‌ಗಾಟನು ಅದನ್ನು ತಳ್ಳಿಹಾಕದೆ ಕಾರಣವನ್ನು ಹುಡುಕಿದನು. ಪಟ್ಟಿಯನ್ನು ಸಿದ್ಧಪಡಿಸುವಾಗ ಒಳಮೈಯನ್ನು ಉಜ್ಜಿದರೆ ಎಂಡೋಥೀಲಿಯಂ ಎಂಬ ಅತಿ ತೆಳುವಾದ ಒಳಪದರವು ಕಿತ್ತುಹೋಗುತ್ತಿತ್ತು; ಪದರವಿದ್ದರೆ ನಾಳವು ಸಡಿಲುವುದು, ಇಲ್ಲದಿದ್ದರೆ ಕುಗ್ಗುವುದು. ಪದರವಿಲ್ಲದ ಪಟ್ಟಿಯ ಮೇಲೆ ಪದರವಿರುವ ಪಟ್ಟಿಯನ್ನು ಒತ್ತಿರಿಸಿದಾಗ ಮೊದಲನೆಯದೂ ಸಡಿಲಿತು. ಒಳಪದರವು ಗಿಲಾವಲ್ಲ, ಅದು ಪಕ್ಕದ ಸ್ನಾಯುವಿಗೆ ಏನನ್ನೋ ಹೇಳಿಕಳುಹಿಸುತ್ತದೆ. ಈ ಸಂಗತಿಯು ೧೯೮೦ರಲ್ಲಿ ಪ್ರಕಟವಾಯಿತು.

ಇದಕ್ಕೆ ಮೂರು ವರ್ಷ ಮೊದಲು, ೧೯೭೭ರಲ್ಲಿ, ಫೆರಿದ್ ಮುರಾದ್ ಎಂಬ ವಿಜ್ಞಾನಿಯು ನೈಟ್ರೊಗ್ಲಿಸರಿನ್ನಿನಂಥ ಔಷಧಗಳಿಂದ ಬಿಡುಗಡೆಯಾಗುವ ನೈಟ್ರಿಕ್ ಆಕ್ಸೈಡೇ ಸ್ನಾಯುವನ್ನು ಸಡಿಲಿಸುತ್ತದೆಂದು ಸೂಚಿಸಿದ್ದನು. ೧೯೮೬ರಲ್ಲಿ ಫರ್ಚ್‌ಗಾಟ್ ಹಾಗೂ ಲೂಯಿ ಇಗ್ನಾರೊ, ಒಳಪದರವು ಕಳುಹಿಸುವ ಅಜ್ಞಾತ ದೂತನೂ ಇದೇ ಅನಿಲವಾಗಿರಬೇಕೆಂದು ಬೇರೆ ಬೇರೆಯಾಗಿ ಊಹಿಸಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಸಾಲ್ವಡಾರ್ ಮೊಂಕಾಡ ಮತ್ತವನ ಸಂಗಡಿಗರು, ಅಮೆರಿಕದಲ್ಲಿ ಇಗ್ನಾರೊ ಮತ್ತವನ ಸಂಗಡಿಗರು, ಪ್ರಯೋಗದಿಂದ ಇದನ್ನು ಸಿದ್ಧಪಡಿಸಿದರು. ವಾಹನಗಳ ಹೊಗೆಯಲ್ಲಿಯೂ ಮಿಂಚಿನ ಹೊಡೆತದಲ್ಲಿಯೂ ಹುಟ್ಟುವ ಅನಿಲವನ್ನು ನಮ್ಮ ನಾಳಗಳು ಆರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ಕ್ಷಣಕ್ಷಣಕ್ಕೂ ತಯಾರಿಸುತ್ತವೆ. ಅದು ಕೆಲವೇ ಸೆಕೆಂಡುಗಳು ಬಾಳಿ, ಕೆಲಸ ಮುಗಿಸಿ, ಅಳಿದುಹೋಗುತ್ತದೆ. ೧೯೯೮ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿಯು ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ದೊರೆಯಿತು. ಮೊಂಕಾಡನ ಹೆಸರು ಬಿಟ್ಟುಹೋದುದು ಆಗಲೇ ಚರ್ಚೆಗೆ ಗ್ರಾಸವಾಯಿತು. ನೈಟ್ರೊಗ್ಲಿಸರಿನ್ನಿನಿಂದ ಬಂದ ಹಣದ ಪ್ರಶಸ್ತಿಯು ನೈಟ್ರೊಗ್ಲಿಸರಿನ್ನಿನ ಗುಟ್ಟನ್ನು ಬಿಡಿಸಿದವರಿಗೆ ಸಂದಿತು.

೫. ಆಪತ್ತಿನ ಗಳಿಗೆಯಲ್ಲಿ

ಇನ್ನು ಒತ್ತಡದ ವೇಳೆ ಈ ಅನಿಲವು ಮಾಡುವ ಕೆಲಸವನ್ನು ನೋಡೋಣ. ೧೯೮೯ರಲ್ಲಿ ಲಂಡನ್ನಿನಲ್ಲಿ, ನೈಟ್ರಿಕ್ ಆಕ್ಸೈಡಿನ ತಯಾರಿಕೆಯನ್ನು ತಡೆಯುವ ವಸ್ತುವನ್ನು ಸ್ವಸ್ಥರ ಮುಂಗೈಯ ಧಮನಿಗೆ ಹಾಯಿಸಿದಾಗ ಅಲ್ಲಿನ ರಕ್ತಪ್ರವಾಹವು ಸುಮಾರು ಅರ್ಧಕ್ಕಿಳಿಯಿತು. ಅಂದರೆ ವಿಶ್ರಾಂತಿಯ ಕಾಲದಲ್ಲಿಯೂ ಈ ಅನಿಲವು ನಾಳಗಳನ್ನು ಸಡಿಲವಾಗಿಟ್ಟಿರುತ್ತದೆ. ಕಡಿವಾಣವು ಸದಾ ಕೈಯಲ್ಲಿರುತ್ತದೆ.

ಮನಸ್ಸು ಕ್ಷೋಭೆಗೊಂಡಾಗ ಮುಂಗೈಯ ಸ್ನಾಯುಗಳಿಗೆ ರಕ್ತವು ಹೆಚ್ಚಾಗಿ ಹರಿಯುವುದನ್ನು ಬೆಲ್‌ಫಾಸ್ಟಿನ ಸಂಶೋಧಕರು ೧೯೫೯ರಲ್ಲಿಯೇ ವಿವರಿಸಿದ್ದರು. ಹೋರಾಟಕ್ಕೆ ಕೈಗಳು ಸಿದ್ಧವಾಗುವುದೆಂದರೆ ಇದೇ. ೧೯೯೪ರಲ್ಲಿಯೂ ೧೯೯೭ರಲ್ಲಿಯೂ ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ ನೈಟ್ರಿಕ್ ಆಕ್ಸೈಡಿನ ತಯಾರಿಕೆಯನ್ನು ತಡೆದಾಗ, ಮನೋಗಣಿತದಂಥ ಒತ್ತಡದಿಂದುಂಟಾಗುವ ಈ ಹಿಗ್ಗುವಿಕೆಯು ಕುಂದಿತು. ಆದುದರಿಂದ ಅಡ್ರಿನಲಿನ್ ಹೃದಯವನ್ನು ಬಡಿದೆಬ್ಬಿಸುವ ಅದೇ ಗಳಿಗೆಯಲ್ಲಿ, ಎದ್ದ ರಕ್ತಕ್ಕೆ ದಾರಿಯನ್ನು ಅಗಲಗೊಳಿಸುವ ಹೊಣೆಯು ಬಹುಮಟ್ಟಿಗೆ ಈ ಅನಿಲದ್ದು. ಚಾವಟಿಯೂ ಕಡಿವಾಣವೂ ಒಮ್ಮೆಗೇ ದುಡಿಯುತ್ತವೆ. ಮಿದುಳಿನಲ್ಲಿಯೂ ಇದರ ಕಾರ್ಯವಿದೆ. ಮಿದುಳಿನ ಕೋಶಗಳು ಈ ಅನಿಲವನ್ನು ಬಿಡುಗಡೆ ಮಾಡುತ್ತವೆಂಬುದು ೧೯೮೮ರಲ್ಲಿ ತಿಳಿಯಿತು. ಒತ್ತಡದ ಆಜ್ಞೆಗಳು ಹೊರಡುವ ಹೈಪೊಥಲಾಮಸ್ ಭಾಗದಲ್ಲಿ ಅದು ನರಗಳ ಉದ್ರೇಕವನ್ನು ತಗ್ಗಿಸುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ.

ಒತ್ತಡವು ಕಳೆದ ಮೇಲಿನ ಸ್ಥಿತಿಯು ಇನ್ನೂ ವಿಚಾರಾರ್ಹವಾದುದು. ೨೦೦೦ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವಸ್ಥರಾದ ಕೆಲವರನ್ನು ಕೆಲವೇ ನಿಮಿಷಗಳ ಕಾಲ ಮಾತಿನ ಪರೀಕ್ಷೆಗೆ ಗುರಿಪಡಿಸಿದರು. ಪರೀಕ್ಷೆಯು ಮುಗಿದು ನಾಡಿಯು ಶಾಂತವಾಯಿತು. ಆದರೆ ಒಳಪದರವು ಧಮನಿಯನ್ನು ಹಿಗ್ಗಿಸುವ ಶಕ್ತಿಯು ಒಂದೂವರೆ ಗಂಟೆಯ ಮೇಲೂ ಅರ್ಧದಷ್ಟು ಕುಂದಿಯೇ ಇದ್ದು, ನಾಲ್ಕು ಗಂಟೆಗಳ ಹೊತ್ತಿಗಷ್ಟೇ ಮೊದಲಿನಂತಾಯಿತು. ಒತ್ತಡದ ಇನ್ನೊಂದು ಸ್ರಾವವಾದ ಕಾರ್ಟಿಸಾಲ್ ತಯಾರಾಗದಂತೆ ತಡೆದರೆ ಈ ಕುಂದು ಕಾಣಿಸಿಕೊಳ್ಳದೆಂದು ೨೦೦೫ರ ಮತ್ತೊಂದು ಅಧ್ಯಯನವು ತಿಳಿಸಿತು. ಮೌಖಿಕ ಪರೀಕ್ಷೆಯ ಕೊಠಡಿಯಿಂದ ಹೊರಬಂದ ವಿದ್ಯಾರ್ಥಿಯು ಗೆಳೆಯರೊಡನೆ ನಗುತ್ತಿರುವಾಗಲೂ ಅವನ ಧಮನಿಗಳು ಪರೀಕ್ಷೆಯನ್ನು ಮರೆತಿರುವುದಿಲ್ಲ. ಎಳೆಯರಲ್ಲಿ ಇದು ಬಂದುಹೋಗುವ ನೆರಳು. ಧಮನಿಗಳು ಆಗಲೇ ಕೆಟ್ಟಿರುವ ಹಿರಿಯರಲ್ಲಿ, ದಿನದಿನವೂ ಮರುಕಳಿಸುವ ಒತ್ತಡದಲ್ಲಿ, ಕಡಿವಾಣವು ಕೈತಪ್ಪುತ್ತದೆ. ಜಾನ್ ಹಂಟರನ ಸಾವಿಗೆ ಇಂದು ನಾವು ಕೊಡಬಹುದಾದ ವಿವರಣೆಯ ಒಂದು ಭಾಗವು ಇಲ್ಲಿದೆ.

೬. ಮದ್ದು ವಿಷವಾಗುವ ಬಗೆ

ಹಾಗಾದರೆ ಈ ಅನಿಲವು ಹೆಚ್ಚಿದಷ್ಟೂ ಒಳಿತೆ? ಚರಿತ್ರೆಯು ಅಲ್ಲವೆನ್ನುತ್ತದೆ. ನಾಳದ ಒಳಪದರದಲ್ಲಿಯೂ ನರದಲ್ಲಿಯೂ ಇರುವ ಕಿಣ್ವಗಳು ಇದನ್ನು ಮಿತವಾಗಿ ತಯಾರಿಸುತ್ತವೆ. ಸೋಂಕು ತಗಲಿದಾಗ ಮಾತ್ರ ಎಚ್ಚರಗೊಳ್ಳುವ ಮೂರನೆಯ ಕಿಣ್ವವೊಂದು ಅಪಾರವಾಗಿ ತಯಾರಿಸುತ್ತದೆ. ರಕ್ತಕ್ಕೆ ನಂಜೇರಿದ ರೋಗಿಯಲ್ಲಿ ನಾಳಗಳೆಲ್ಲ ಮಿತಿಮೀರಿ ಹಿಗ್ಗಿ ರಕ್ತದೊತ್ತಡವು ಕುಸಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಅದನ್ನು ಪೂರ್ತಿಯಾಗಿ ತಡೆದರೆ ರೋಗಿಯು ಉಳಿದಾನೆಂದು ದೊಡ್ಡ ಪ್ರಯೋಗವೊಂದನ್ನು ನಡೆಸಿದರು. ರಕ್ತದೊತ್ತಡವೇನೋ ಏರಿತು; ಆದರೆ ಮರಣವೂ ಹೆಚ್ಚಿತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತೆಂದು ೨೦೦೪ರಲ್ಲಿ ವರದಿಯಾಯಿತು. ಇದಕ್ಕೆ ವಿಪರ್ಯಾಸವಾಗಿ, ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದವರಿಗೆ ಈ ಅನಿಲವು ಹೆಚ್ಚಲೆಂದು ಆರ್ಜಿನಿನ್ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ, ಆರ್ಜಿನಿನ್ ಪಡೆದ ಗುಂಪಿನಲ್ಲಿ ಆರು ಮಂದಿ ತೀರಿಕೊಂಡರು. ಇನ್ನೊಂದು ಗುಂಪಿನಲ್ಲಿ ಒಬ್ಬರೂ ತೀರಿಕೊಳ್ಳಲಿಲ್ಲ. ಆ ಪ್ರಯೋಗವೂ ನಿಂತುಹೋಗಿ ೨೦೦೬ರಲ್ಲಿ ಪ್ರಕಟವಾಯಿತು. ಕಡಿವಾಣವನ್ನು ಕಿತ್ತೊಗೆದರೂ ಕೇಡು, ಬಲವಾಗಿ ಜಗ್ಗಿದರೂ ಕೇಡು. ಈ ಅನಿಲದ ಹೆಸರು ಹೇಳಿ ಅಂಗಡಿಗಳಲ್ಲಿ ಮಾರಾಟವಾಗುವ ಪುಡಿಗಳ ವಿಷಯದಲ್ಲಿ ವಿದ್ಯಾರ್ಥಿಗಳು ಈ ಎರಡು ಪ್ರಯೋಗಗಳನ್ನು ನೆನೆಯುವುದು ಒಳ್ಳೆಯದು.

ನಿಸರ್ಗವು ಕೊಡುವ ಮಿತವಾದ ದಾರಿಯೊಂದುಂಟು. ಹರಿವೆಸೊಪ್ಪು, ಬೀಟ್‌ರೂಟ್ ಮೊದಲಾದವುಗಳಲ್ಲಿ ನೈಟ್ರೇಟು ಹೇರಳವಾಗಿದೆ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ದೇಹವು ಅದರಿಂದ ನೈಟ್ರಿಕ್ ಆಕ್ಸೈಡನ್ನು ಪಡೆಯುತ್ತದೆ. ಸುಲ್ತಾನ್ ಬತ್ತೇರಿಯ ನೆಲಮಾಳಿಗೆಗಾಗಿ ತರಿಸುತ್ತಿದ್ದ ಪೆಟ್ಲುಪ್ಪಿನಲ್ಲಿರುವ ನೈಟ್ರೇಟೂ ಮಂಗಳೂರಿನ ಮನೆಗಳ ಹರಿವೆಯ ಸಾರಿನಲ್ಲಿರುವ ನೈಟ್ರೇಟೂ ಒಂದೇ.

೭. ಉಪಸಂಹಾರ

ಈ ಚರಿತ್ರೆಯಿಂದ ನಾವು ಎರಡು ವಿಚಾರಗಳನ್ನು ವಾಚಕರ ಮುಂದಿಡಬಯಸುತ್ತೇವೆ. ಮೊದಲನೆಯದು, ಅರಿವಿನ ಕ್ರಮವನ್ನು ಕುರಿತದ್ದು. ಒತ್ತಡವನ್ನು ಅಧ್ಯಯನ ಮಾಡಿದವರು ಶಮನಕಾರಿಯಾದ ಈ ಅನಿಲವನ್ನು ಕಾಣಲಿಲ್ಲ. ಎದೆನೋವಿನ ಹಳೆಯ ಮದ್ದಿನ ಕಾರಣವನ್ನು ಕೇಳಿದವರೂ, ಕೆಟ್ಟುಹೋದ ಪ್ರಯೋಗವೊಂದನ್ನು ಕಸವೆಂದು ಎಸೆಯದವರೂ ಅದನ್ನು ಕಂಡರು. ಶಾಸ್ತ್ರವೊಂದರ ಕೊರತೆಯು ಅನೇಕವೇಳೆ ನೆರೆಯ ಶಾಸ್ತ್ರದ ಹಿತ್ತಿಲಲ್ಲಿ ನೀಗುತ್ತದೆ. ಕೆಲಸವಂತೂ ಮುಗಿದಿಲ್ಲ. ನೈಟ್ರೊಗ್ಲಿಸರಿನ್ನಿನಿಂದ ಈ ಅನಿಲವನ್ನು ಬಿಡಿಸುವ ಮುಖ್ಯ ಕಿಣ್ವವು ಯಾವುದೆಂಬುದು ೨೦೦೨ರಲ್ಲಷ್ಟೇ, ಅಂದರೆ ಮರೆಲನ ಲೇಖನವು ಬಂದು ನೂರಿಪ್ಪತ್ತಮೂರು ವರ್ಷಗಳಾದ ಮೇಲೆ, ಪ್ರಕಟವಾಯಿತು.

ಎರಡನೆಯದು, ಬೋಧನೆಯನ್ನು ಕುರಿತದ್ದು. ಕಾಲೇಜಿನ ತರಗತಿಯಲ್ಲಿ ಒತ್ತಡವೆಂದೊಡನೆ ಇಂದಿಗೂ ಅಡ್ರಿನಲಿನ್ನಿನ ಹೆಸರೊಂದನ್ನೇ ಹೇಳಿ ಮುಗಿಸುವುದುಂಟು. ಅದು ಅರ್ಧಕಥೆ. ದೇಹವು ಆಪತ್ತಿಗೆ ಕೊಡುವ ಉತ್ತರದಲ್ಲಿ ಉದ್ರೇಕವೆಷ್ಟು ಸಹಜವೋ ಸಂಯಮವೂ ಅಷ್ಟೇ ಸಹಜವೆಂಬುದನ್ನು ವಿದ್ಯಾರ್ಥಿಯು ತಿಳಿದರೆ, ಆ ಸಂಯಮವು ಯಾವಾಗ ಸೋಲುತ್ತದೆಂದು ಕೇಳುವುದನ್ನೂ ಅವನು ಕಲಿಯುವನು. ಬಾವುಟಗುಡ್ಡೆಯ ಏರಿನಲ್ಲಿ ವೃದ್ಧರೊಬ್ಬರು ನಿಂತು, ಅಂಗಿಯ ಜೇಬಿನಿಂದ ಸಾರ್ಬಿಟ್ರೇಟಿನ ಮಾತ್ರೆಯನ್ನು ತೆಗೆದು ನಾಲಗೆಯ ಕೆಳಗಿಟ್ಟುಕೊಳ್ಳುವುದನ್ನು ಅವನು ಕಂಡಿರಬಹುದು. ಅವರ ಧಮನಿಗಳು ತಾವಾಗಿ ತಯಾರಿಸಲಾರದೆ ಹೋದ ಅನಿಲವನ್ನು ಆ ಮಾತ್ರೆಯು ಒದಗಿಸಿಕೊಡುತ್ತಿದೆ. ಊರವರು ಅದನ್ನು ಮದ್ದೆನ್ನುತ್ತಾರೆ. ಆ ಮಾತು ಉಚಿತವಾಗಿಯೇ ಇದೆ.